ಎದೆಯ ಗಂಟಿನಲ್ಲಿ ವೈರಾಣುವಿನ ಹುಡುಕಾಟ

ಸ್ತನ ಕ್ಯಾನ್ಸರ್ ಹುಟ್ಟುವುದರಲ್ಲಿ ವೈರಾಣುವಿನ ಪಾತ್ರವಿದೆಯೇ ಎಂಬ ಪ್ರಶ್ನೆ ವಿಜ್ಞಾನದ ಎದುರು ನಿಂತು ಸುಮಾರು 90 ವರ್ಷಗಳಾದವು. ಇಲಿಗಳ ವಿಷಯದಲ್ಲಿ ಉತ್ತರ ಸಂಶಯಕ್ಕೆ ಎಡೆಯಿಲ್ಲದಂತೆ ಸಿಕ್ಕಿದೆ: ಪಾತ್ರವಿದೆ. ಮನುಷ್ಯರ ವಿಷಯದಲ್ಲಿ ಇಷ್ಟೆಲ್ಲ ಪರೀಕ್ಷೆಗಳಾದ ಮೇಲೂ ಉತ್ತರ ಗಟ್ಟಿಯಾಗಿಲ್ಲ. ಒಂದು ಪ್ರಯೋಗಾಲಯಕ್ಕೆ ಗಡ್ಡೆಯೊಳಗೆ ವೈರಾಣುವಿನ ಗುರುತು ಕಾಣುತ್ತದೆ, ಇನ್ನೊಂದಕ್ಕೆ ಅಂಥದ್ದೇ ಗಡ್ಡೆಯಲ್ಲಿ ಏನೂ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವೈರಾಣುಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಯಕೃತ್ತಿನ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ಮತ್ತು ಸಿ, ಗರ್ಭಕಂಠದ ಕ್ಯಾನ್ಸರ್‌ಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂದರೆ ಎಚ್‌ಪಿವಿ, ಕೆಲವು ಬಗೆಯ ದುಗ್ಧರಸ ಗ್ರಂಥಿಯ ಕ್ಯಾನ್ಸರ್‌ಗೆ ಎಪ್‌ಸ್ಟೀನ್-ಬಾರ್ ವೈರಸ್ ಹೀಗೆ ಆ ಪಟ್ಟಿ ಸಾಗುತ್ತದೆ. ಅದರಲ್ಲಿ ಒಂದನ್ನೂ ಸ್ತನ ಕ್ಯಾನ್ಸರ್‌ನ ಕಾರಣವೆಂದು ಈವರೆಗೆ ಒಪ್ಪಿಲ್ಲ.

2022ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಆ ಒಂದು ವರ್ಷ ಸುಮಾರು 23 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಭಾರತದ ಪಾಲು 1.92 ಲಕ್ಷ, ಅದೇ ವರ್ಷ ದೇಶದಲ್ಲಿ ಈ ರೋಗದಿಂದ ಸತ್ತವರು 98 ಸಾವಿರಕ್ಕೂ ಹೆಚ್ಚು. ಪತ್ತೆಯಾದ ಇಬ್ಬರಿಗೆ ಒಂದು ಸಾವು ಎಂಬ ಈ ಲೆಕ್ಕ ಎದೆ ನಡುಗಿಸುವಂಥದ್ದು. ಶ್ರೀಮಂತ ದೇಶಗಳಲ್ಲಿ ರೋಗಿಗಳ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು, ಆ ರೋಗಿಗಳಲ್ಲಿ ಸಾಯುವವರ ಪ್ರಮಾಣ ಬಹಳ ಕಡಿಮೆ. ಅಂತರಕ್ಕೆ ಮುಖ್ಯ ಕಾರಣ ಭಾರತದಲ್ಲಿ ಗಂಟು ತಡವಾಗಿ ವೈದ್ಯರ ಕೈಗೆ ಸಿಗುವುದು.

ಆ ತಡ ಏನೆಂದು ತಿಳಿಯಬೇಕಾದರೆ ಯಾದಗಿರಿ ಜಿಲ್ಲೆಯನ್ನು ನೋಡಬೇಕು. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿ ಆಗ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳ ನಾಡು. 2011ರ ಜನಗಣತಿಯಲ್ಲಿ ಜನಸಂಖ್ಯೆ 11.74 ಲಕ್ಷ, ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಕೃಷ್ಣೆ ಮತ್ತು ಭೀಮೆಯ ನಡುವಿನ ಈ ನೆಲದಲ್ಲಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ, ಭತ್ತದ ಸಸಿ ನೆಡುವ ಕೆಲಸದ ಬಹುಪಾಲು ಹೆಂಗಸರದು. ಎದೆಯಲ್ಲಿ ನೋವಿಲ್ಲದ ಒಂದು ಗಂಟು ಕಂಡರೆ ಅದಕ್ಕಾಗಿ ಕೂಲಿ ಬಿಟ್ಟು ಊರು ದಾಟುವುದು ಸಣ್ಣ ತೀರ್ಮಾನವಲ್ಲ. ಯಾದಗಿರಿಯವರಿಗೆ ವಾಡಿಯ ಮೇಲೆ ಕಲಬುರಗಿಗೆ ರೈಲಾದರೂ ಇದೆ. ಶಹಾಪುರ, ಸುರಪುರದವರಿಗೆ ಬಸ್ಸೇ ಗತಿ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲಿರುವುದು ಈ ಭಾಗಕ್ಕೆ ದೊಡ್ಡ ಆಸರೆ. ಯಾದಗಿರಿಯಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ.

ಇಂಥ ಪ್ರದೇಶಕ್ಕೆ ವೈರಾಣುವಿನ ಪ್ರಶ್ನೆ ದೂರದ ಪ್ರಯೋಗಾಲಯದ ಕುತೂಹಲವಷ್ಟೇ ಅಲ್ಲ. ವೈರಾಣು ಕಾರಣವೆಂದು ಖಚಿತವಾದರೆ ಲಸಿಕೆಯ ದಾರಿ ತೆರೆಯುತ್ತದೆ, ಮತ್ತು ಮ್ಯಾಮೋಗ್ರಫಿ ಯಂತ್ರ ತಲುಪದ ಹಳ್ಳಿಗೂ ಲಸಿಕೆ ತಲುಪುತ್ತದೆ ಎಂಬುದನ್ನು ಪೋಲಿಯೊ ಹನಿ ತೋರಿಸಿಕೊಟ್ಟಿದೆ.

ವೈರಾಣು ಎಂದು ಖಚಿತವಾದಾಗ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಕಲ್ಯಾಣ ಕರ್ನಾಟಕದ ಗಡಿಗೆ ತಾಗಿಕೊಂಡೇ ಇದೆ. ಗರ್ಭಕಂಠದ ಕ್ಯಾನ್ಸರ್‌ಗೆ ಎಚ್‌ಪಿವಿ ಕಾರಣವೆಂದು ಜರ್ಮನಿಯ ಹಾರಾಲ್ಡ್ ತ್ಸುರ್ ಹೌಸನ್ 1980ರ ದಶಕದ ಮೊದಲ ವರ್ಷಗಳಲ್ಲಿ ತೋರಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಬೀದರ್, ಕಲಬುರಗಿಗಳ ನೆರೆಯಲ್ಲಿರುವ, ಈಗ ಧಾರಾಶಿವ ಎಂದು ಕರೆಯುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ 1,31,746 ಮಹಿಳೆಯರನ್ನು ಒಳಗೊಂಡ ದೊಡ್ಡ ಅಧ್ಯಯನ ನಡೆದು 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಸೋಂಕಿದ್ದವರಿಗೆ ಮುಂದಿನ ತಪಾಸಣೆ, ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಎಂಟು ವರ್ಷಗಳೊಳಗೆ ಗರ್ಭಕಂಠದ ಕ್ಯಾನ್ಸರ್‌ನ ಸಾವುಗಳು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದವು. ಅಲ್ಲಿನ ಹೆಂಗಸರ ಬದುಕು ಶಹಾಪುರ, ಸುರಪುರದ ಹೆಂಗಸರ ಬದುಕಿಗಿಂತ ಬೇರೆಯೇನಲ್ಲ. ಅದೇ ಜೋಳ, ತೊಗರಿ, ಅದೇ ಬಿಸಿಲು, ಅದೇ ಬೇಗನೆ ಆಗುವ ಮದುವೆ. ಸ್ತನ ಕ್ಯಾನ್ಸರ್‌ನಲ್ಲೂ ಇಂಥದ್ದೊಂದು ಸಾಧ್ಯವೇ ಎಂಬ ಆಸೆಯೇ ವೈರಾಣುವಿನ ಹುಡುಕಾಟವನ್ನು ಇಷ್ಟು ವರ್ಷ ಜೀವಂತವಾಗಿ ಇಟ್ಟಿರುವುದು.

ಹುಡುಕಾಟ ಶುರುವಾದದ್ದು ಇಲಿಯ ಹಾಲಿನಿಂದ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಕೆಲವು ತಳಿಯ ಇಲಿಗಳಿಗೆ ಸ್ತನದ ಗಡ್ಡೆ ವಿಪರೀತ ಬರುತ್ತಿತ್ತು, ಇನ್ನು ಕೆಲವಕ್ಕೆ ಅಪರೂಪ. ವಂಶದ ದೋಷವೆಂದು ಎಲ್ಲರೂ ತಿಳಿದಿದ್ದಾಗ ಜಾನ್ ಬಿಟ್ನರ್ ಎಂಬ ವಿಜ್ಞಾನಿ ಸರಳವಾದ ಒಂದು ಪ್ರಯೋಗ ಮಾಡಿದರು. ಗಡ್ಡೆ ಹೆಚ್ಚಿರುವ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಿ, ಗಡ್ಡೆ ಕಡಿಮೆ ಇರುವ ತಳಿಯ ತಾಯಿಯ ಹಾಲು ಕುಡಿಸಿ ಬೆಳೆಸಿದರು. ದೊಡ್ಡವಾದ ಮೇಲೆ ಆ ಮರಿಗಳಿಗೆ ಗಡ್ಡೆ ಬರುವುದು ತೀರ ಕಡಿಮೆಯಾಯಿತು. 1936ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಅವರು ‘ವೈರಾಣು’ ಎಂದು ಹೇಳಲಿಲ್ಲ. ಹಾಲಿನಲ್ಲಿ ಏನೋ ಒಂದು ಅಂಶವಿದೆ ಎಂದಷ್ಟೇ ಹೇಳಿದರು. ಆ ಅಂಶವೇ ಇಲಿಯ ಸ್ತನಗಡ್ಡೆ ವೈರಸ್, ಎಂಎಂಟಿವಿ.

ಅದರ ಕೆಲಸದ ರೀತಿ ಈಗ ಚೆನ್ನಾಗಿ ಗೊತ್ತಿದೆ. ಹಾಲಿನ ಜೊತೆ ಮರಿಯ ಕರುಳು ಸೇರಿ, ಅಲ್ಲಿನ ಬಿಳಿ ರಕ್ತಕಣಗಳನ್ನು ಹೊಕ್ಕು, ಅವುಗಳ ಮೂಲಕ ಸ್ತನದ ಗ್ರಂಥಿಗೆ ಹೋಗುತ್ತದೆ. ಇದು ರೆಟ್ರೊವೈರಸ್ ಜಾತಿಯದ್ದು. ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡಿ ಜೀವಕೋಶದ ಡಿಎನ್‌ಎಯೊಳಗೇ ಹೊಲಿದುಕೊಳ್ಳುತ್ತದೆ. ಬಸುರಿ, ಬಾಣಂತನದ ಹಾರ್ಮೋನುಗಳು ಏರಿದಾಗ ವೈರಾಣುವಿನ ಬೆಳವಣಿಗೆಯೂ ಏರುತ್ತದೆ. ಜೀವಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ವಂಶವಾಹಿಯೊಂದರ ಪಕ್ಕದಲ್ಲಿ ವೈರಾಣು ಹೋಗಿ ಕೂತರೆ ಆ ವಂಶವಾಹಿ ಎಚ್ಚರಗೊಂಡು ಕೋಶ ಎಗ್ಗಿಲ್ಲದೆ ಒಡೆಯತೊಡಗುತ್ತದೆ. ರೋಯಲ್ ನುಸೆ ಮತ್ತು ಹೆರಾಲ್ಡ್ ವಾರ್ಮಸ್ 1982ರಲ್ಲಿ ಅಂಥ ವಂಶವಾಹಿಯನ್ನು ಹಿಡಿದು ತೋರಿಸಿದರು. ಮುಂದೆ ಅದು ಡಬ್ಲ್ಯುಎನ್‌ಟಿ-1 ಎಂಬ ಹೆಸರು ಪಡೆದು, ಭ್ರೂಣದ ಬೆಳವಣಿಗೆಯಿಂದ ಕರುಳಿನ ಕ್ಯಾನ್ಸರ್‌ವರೆಗೆ ಹಲವು ಸಂಶೋಧನೆಗಳಿಗೆ ಬಾಗಿಲು ತೆರೆಯಿತು.

ಇಲಿಯಲ್ಲಿ ಇಷ್ಟು ಸ್ಪಷ್ಟವಾದದ್ದು ಮನುಷ್ಯರಲ್ಲೂ ಇರಬೇಕೆಂಬ ಊಹೆ ಸಹಜ. ಆ ಊಹೆಯನ್ನು ಮೊದಲು ಗಂಭೀರವಾಗಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ಒಂದಕ್ಕೆ ಭಾರತದ ನೆಲವೇ ಆಧಾರ. ಮುಂಬೈಯ ಪಾರ್ಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಇತರ ಸಮುದಾಯಗಳಿಗಿಂತ ಹೆಚ್ಚೆಂದು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಗಮನಿಸಿದ್ದರು. ಪಾರ್ಸಿಗಳು ತಮ್ಮೊಳಗೇ ಮದುವೆಯಾಗುವ ಚಿಕ್ಕ ಸಮುದಾಯವಾದ್ದರಿಂದ, ಇಲಿಯ ತಳಿಗಳಲ್ಲಿ ಆದಂತೆ ಹಾಲಿನ ಮೂಲಕ ವೈರಾಣು ತಾಯಿಯಿಂದ ಮಗಳಿಗೆ ಇಳಿಯುತ್ತಿರಬಹುದೇ ಎಂಬ ಶಂಕೆ ಹುಟ್ಟಿತು. ಅಮೆರಿಕದ ಡ್ಯಾನ್ ಮೂರ್ ಅವರ ತಂಡ ಮುಂಬೈಯ ಸತ್ಯವತಿ ಸಿರ್ಸಾಟ್, ಜೆ. ಸಿ. ಪೇಮಾಸ್ಟರ್ ಮುಂತಾದವರ ಜೊತೆ ಸೇರಿ ಪಾರ್ಸಿ ಬಾಣಂತಿಯರ ಎದೆಹಾಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿತು. ಇಲಿಯ ವೈರಾಣುವನ್ನು ಹೋಲುವ ಕಣಗಳು ಅಮೆರಿಕದ ಸಾಮಾನ್ಯ ಮಹಿಳೆಯರ ಹಾಲಿಗಿಂತ ಪಾರ್ಸಿ ಮಹಿಳೆಯರ ಹಾಲಿನಲ್ಲಿ ಹೆಚ್ಚಾಗಿ ಕಂಡವು. 1971ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿದಾಗ ಜಗತ್ತಿನ ಕಣ್ಣು ಈ ಕಡೆ ತಿರುಗಿತು. ಆದರೆ ಮುಂದಿನ ಪರೀಕ್ಷೆಗಳಲ್ಲಿ ಆ ಕಣಗಳಿಗೂ ಕ್ಯಾನ್ಸರ್‌ಗೂ ನಂಟು ನಿಲ್ಲಲಿಲ್ಲ. ಪಾರ್ಸಿ ಮಹಿಳೆಯರಲ್ಲಿ ಮದುವೆ ತಡ, ಮಕ್ಕಳು ಕಡಿಮೆ; ರೋಗದ ಹೆಚ್ಚಳವನ್ನು ಬಹುಮಟ್ಟಿಗೆ ಇದೇ ವಿವರಿಸುತ್ತದೆ. ಎದೆಹಾಲಿನ ಬಗ್ಗೆ ಎದ್ದ ಅನುಮಾನವೂ ಮುಂದಿನ ಅಧ್ಯಯನಗಳಲ್ಲಿ ತಣ್ಣಗಾಯಿತು. ಸ್ತನ ಕ್ಯಾನ್ಸರ್ ಬಂದ ತಾಯಿಯ ಎದೆಹಾಲು ಕುಡಿದ ಹೆಣ್ಣುಮಕ್ಕಳಲ್ಲಿ, ಕುಡಿಯದವರಿಗಿಂತ ರೋಗ ಹೆಚ್ಚು ಕಾಣಲಿಲ್ಲ.

ತಣ್ಣಗಾಗಿದ್ದ ವಿಷಯ 1995ರಲ್ಲಿ ಮತ್ತೆ ಬಿಸಿಯಾಯಿತು. ನ್ಯೂಯಾರ್ಕ್‌ನ ಮೌಂಟ್ ಸಿನಾಯ್‌ನಲ್ಲಿ ಬೀಟ್ರಿಸ್ ಪೋಗೊ ಅವರ ತಂಡ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ತಂತ್ರ ಬಳಸಿ, ಮಹಿಳೆಯರ ಸ್ತನದ ಗಡ್ಡೆಗಳಲ್ಲಿ ಶೇ. 38ರಷ್ಟರಲ್ಲಿ ಎಂಎಂಟಿವಿಯನ್ನು ಹೋಲುವ ಡಿಎನ್‌ಎ ತುಣುಕು ಇದೆ, ಸಹಜ ಅಂಗಾಂಶದಲ್ಲಿ ಅದು ತೀರ ವಿರಳ ಎಂದು ವರದಿ ಮಾಡಿತು. ಬಳಿಕ ಬಂದ ಅಂಕಿಗಳು ದೇಶಕ್ಕೊಂದು ತೆರನಾಗಿದ್ದವು. 2003ರ ಒಂದೇ ಅಧ್ಯಯನದಲ್ಲಿ ಆಸ್ಟ್ರೇಲಿಯಾದ ಮಹಿಳೆಯರ ಗಡ್ಡೆಗಳಲ್ಲಿ ಶೇ. 42, ವಿಯೆಟ್ನಾಂ ಮಹಿಳೆಯರಲ್ಲಿ ಶೇ. 1ಕ್ಕಿಂತಲೂ ಕಡಿಮೆ. ಬ್ರಿಟನ್ನಿನ ಕೆಲವು ತಂಡಗಳಿಗೆ ಒಂದೂ ಸಿಗಲಿಲ್ಲ. 2000ದಲ್ಲಿ ಕೆಲವು ಸಂಶೋಧಕರು ಇದಕ್ಕೊಂದು ಆಕರ್ಷಕ ವಿವರಣೆ ಮುಂದಿಟ್ಟರು: ಪಶ್ಚಿಮ ಯೂರೋಪ್, ಅಮೆರಿಕ, ಆಸ್ಟ್ರೇಲಿಯಾದ ಮನೆಗಳಲ್ಲಿರುವ ಇಲಿಯ ಪ್ರಭೇದ ‘ಮಸ್ ಡೊಮೆಸ್ಟಿಕಸ್’ ಹರಡಿರುವ ಕಡೆಯೇ ಸ್ತನ ಕ್ಯಾನ್ಸರ್ ಹೆಚ್ಚು. ಭಾರತದ ಮನೆಯ ಇಲಿ ಬೇರೊಂದು ಉಪಜಾತಿಯದು. ಆದರೆ ಆ ದೇಶಗಳಲ್ಲಿ ಇಲಿಯ ಜೊತೆಗೆ ಶ್ರೀಮಂತಿಕೆ, ತಡವಾದ ತಾಯ್ತನ, ಬೊಜ್ಜು, ಮದ್ಯಪಾನ ಎಲ್ಲವೂ ಇವೆ. ನಕ್ಷೆಯಲ್ಲಿ ಎರಡು ಬಣ್ಣ ಒಂದೇ ಕಡೆ ಬಿದ್ದಿವೆ ಎಂಬುದರಿಂದ ಕಾರಣ ಸಾಬೀತಾಗುವುದಿಲ್ಲ.

ಇಲಿಯಿಂದ ಸಂಶಯ ಹಸುವಿನ ಕಡೆಗೂ ಹೋಯಿತು. ಜಾನುವಾರುಗಳಿಗೆ ರಕ್ತದ ಕ್ಯಾನ್ಸರ್ ತರುವ ಬೊವೈನ್ ಲ್ಯುಕೇಮಿಯಾ ವೈರಸ್ ಅಮೆರಿಕದ ಹೈನು ಹಿಂಡುಗಳಲ್ಲಿ ಶೇ. 80ಕ್ಕೂ ಹೆಚ್ಚಿನವುಗಳಲ್ಲಿದೆ ಎಂದು 2007ರ ಸಮೀಕ್ಷೆ ಹೇಳಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗರ್ಟ್ರೂಡ್ ಬ್ಯೂರಿಂಗ್ ಅವರ ತಂಡ 2015ರಲ್ಲಿ ಸ್ತನ ಕ್ಯಾನ್ಸರ್ ಇದ್ದವರ ಅಂಗಾಂಶದಲ್ಲಿ ಶೇ. 59, ಇಲ್ಲದವರಲ್ಲಿ ಶೇ. 29ರಲ್ಲಿ ಈ ವೈರಾಣುವಿನ ಡಿಎನ್‌ಎ ಕಂಡಿತೆಂದು ವರದಿ ಮಾಡಿತು. ಮರುವರ್ಷವೇ ಚೀನಾದ ಒಂದು ತಂಡಕ್ಕೆ ತನ್ನ ರೋಗಿಗಳಲ್ಲಿ ಅದು ಸಿಗಲಿಲ್ಲ. ಬೆಲ್ಜಿಯಂನ ವಿಜ್ಞಾನಿಗಳು 51 ಸ್ತನದ ಗಡ್ಡೆಗಳ ಸಂಪೂರ್ಣ ಡಿಎನ್‌ಎ ಓದಿನಲ್ಲಿ ಹುಡುಕಿದಾಗಲೂ ಅದರ ಸುಳಿವಿರಲಿಲ್ಲ. ಎಚ್‌ಪಿವಿ ಖ್ಯಾತಿಯ ತ್ಸುರ್ ಹೌಸನ್ ಅವರೇ ಯೂರೋಪಿನ ಹಸುಗಳ ಹಾಲು, ಮಾಂಸದಲ್ಲಿರುವ ಕೆಲವು ಸೂಕ್ಷ್ಮ ಡಿಎನ್‌ಎ ಉಂಗುರಗಳು ಸ್ತನ ಮತ್ತು ಕರುಳಿನ ಕ್ಯಾನ್ಸರ್‌ಗೆ ನೆರವಾಗುತ್ತಿರಬಹುದೆಂದು ತಮ್ಮ ಕೊನೆಯ ವರ್ಷಗಳಲ್ಲಿ ವಾದಿಸಿದರು. ಅದನ್ನು ವಿಜ್ಞಾನಲೋಕ ಒಪ್ಪಿಲ್ಲ. ಕೃಷ್ಣಾ ಕೊಳ್ಳದ, ಡುಬ್ಬವಿರುವ ನಾಟಿ ತಳಿಗಳು ಯೂರೋಪಿನ ಹಸುಗಳಿಂದ ಭಿನ್ನ. ಇಲ್ಲಿನ ಮನೆಗಳಲ್ಲಿ ಹಾಲನ್ನು ಕಾಯಿಸದೆ ಕುಡಿಯುವುದೂ ಕಡಿಮೆ. ಕಾಯಿಸಿದ ಹಾಲಿನಲ್ಲಿ ಬೊವೈನ್ ಲ್ಯುಕೇಮಿಯಾ ವೈರಸ್ ಉಳಿಯುವುದಿಲ್ಲ. ಸದ್ಯದ ಸಾಕ್ಷ್ಯದ ಮೇಲೆ ಯಾರೂ ಹಾಲು ಬಿಡಬೇಕಾದ ಕಾರಣವಿಲ್ಲ.

ಭಾರತದಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಎಚ್‌ಪಿವಿ. ಭಾರತ ಮೂಲದ ವಿಮಲಾ ಬ್ಯಾಂಡ್ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಎಚ್‌ಪಿವಿಯ 16 ಮತ್ತು 18ನೇ ಬಗೆಗಳ ಡಿಎನ್‌ಎಯನ್ನು ಸ್ತನದ ಸಹಜ ಕೋಶಗಳಿಗೆ ಹೊಗಿಸಿದಾಗ, ಗಾಜಿನ ತಟ್ಟೆಯಲ್ಲಿ ಕೆಲವೇ ಸಲ ಒಡೆದು ನಿಲ್ಲಬೇಕಿದ್ದ ಕೋಶಗಳು ನಿಲ್ಲದೆ ಬೆಳೆದವು. ಅಂದರೆ ವೈರಾಣುವಿಗೆ ಆ ಸಾಮರ್ಥ್ಯವಿದೆ. ಆದರೆ ರೋಗಿಗಳ ದೇಹದಲ್ಲಿ ಅದು ನಿಜಕ್ಕೂ ನಡೆಯುತ್ತಿದೆಯೇ? 2011ರಲ್ಲಿ ಉತ್ತರ ಭಾರತದ ವಿಜ್ಞಾನಿಗಳು ಇನ್ನೂರಕ್ಕೂ ಹೆಚ್ಚು ಗಡ್ಡೆಗಳನ್ನು ಪರೀಕ್ಷಿಸಿ ಒಂದರಲ್ಲೂ ಎಚ್‌ಪಿವಿ ಇಲ್ಲವೆಂದರು. 2017ರಲ್ಲಿ ಕೋಲ್ಕತ್ತದ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡ ಅರ್ಧಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಅದು ಇದೆ ಎಂದಿತು. ಒಂದೇ ದೇಶ, ಒಂದೇ ರೋಗ, ಎರಡು ತದ್ವಿರುದ್ಧ ಉತ್ತರ. ಎಚ್‌ಪಿವಿ ಚರ್ಮ ಮತ್ತು ಒಳಪೊರೆಗಳಲ್ಲಿ ನೆಲೆಸುವ ವೈರಾಣು; ಗರ್ಭಕಂಠದಿಂದ ಎದೆಗೆ ಅದು ಹೇಗೆ ಬಂದೀತು ಎಂಬುದಕ್ಕೂ ತೃಪ್ತಿಕರ ವಿವರಣೆಯಿಲ್ಲ.

ಎಪ್‌ಸ್ಟೀನ್-ಬಾರ್ ವೈರಸ್ಸಿನ ಕಥೆಯೂ ಹೆಚ್ಚು ಬೇರೆಯಲ್ಲ. ಯಾದಗಿರಿಯ ಹಳ್ಳಿಗಳ ಪರಿಸ್ಥಿತಿಗೆ ಹತ್ತಿರವಾದ ಅಧ್ಯಯನವೊಂದು ಇದರ ಮೇಲೆ ನಡೆದಿದೆ: ವಾರ್ಧಾ ಬಳಿಯ ಸೇವಾಗ್ರಾಮದ ಮಹಾತ್ಮ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆ 2009ರಲ್ಲಿ ಗ್ರಾಮೀಣ ಮಹಿಳೆಯರ ಗಡ್ಡೆಗಳನ್ನು ನೋಡಿ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಈ ವೈರಾಣುವಿನ ಒಂದು ಪ್ರೋಟೀನ್ ಕಂಡಿತೆಂದು ವರದಿ ಮಾಡಿತು. ಆದರೆ ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಜನ ಬಾಲ್ಯದಲ್ಲೋ ಯೌವನದಲ್ಲೋ ಈ ಸೋಂಕು ತಗುಲಿಸಿಕೊಂಡವರೇ. ಅದು ಬಿಳಿ ರಕ್ತಕಣಗಳಲ್ಲಿ ಜೀವನವಿಡೀ ಅಡಗಿರುತ್ತದೆ. ಗಡ್ಡೆಯೊಳಗೆ ಬಿಳಿ ರಕ್ತಕಣಗಳು ಧಾವಿಸುವುದು ದೇಹದ ಸಹಜ ಕ್ರಿಯೆ. ಅವುಗಳ ಜೊತೆ ವೈರಾಣುವೂ ಬರುತ್ತದೆ. ಶಹಾಪುರದ ಹೊಲದಲ್ಲಿ ಕೊಳೆತ ಹತ್ತಿಕಾಯಿಯೊಳಗೆ ಹುಳು ಕಂಡಾಗ, ಹುಳುವಿನಿಂದ ಕಾಯಿ ಕೊಳೆಯಿತೋ, ಕೊಳೆತ ಕಾಯಿಗೆ ಹುಳು ಬಂತೋ ಎಂಬ ತಕರಾರು ಹೇಗೋ, ಇಲ್ಲಿನ ತಕರಾರೂ ಹಾಗೆಯೇ.

ಪ್ರಯೋಗಾಲಯಗಳ ಉತ್ತರ ಇಷ್ಟೊಂದು ಒಡೆದುಹೋಗಲು ಮುಖ್ಯ ಕಾರಣ ಪಿಸಿಆರ್‌ನ ಸೂಕ್ಷ್ಮತೆಯೇ. ಒಂದು ತುಣುಕು ಡಿಎನ್‌ಎಯನ್ನು ಕೋಟಿಗಟ್ಟಲೆ ನಕಲು ಮಾಡುವ ಈ ತಂತ್ರ, ಮೇಜಿನ ಮೇಲೆ ಹಿಂದಿನ ಪ್ರಯೋಗದಿಂದ ಉಳಿದ ಒಂದು ಕಣವನ್ನೂ, ರಾಸಾಯನಿಕದಲ್ಲಿ ಬೆರೆತ ಇಲಿಯ ಡಿಎನ್‌ಎಯ ಒಂದು ಚೂರನ್ನೂ ‘ಸಿಕ್ಕಿತು’ ಎಂದು ತೋರಿಸಬಲ್ಲದು. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಇದು ದೊಡ್ಡ ಪಾಠವನ್ನೇ ಕಲಿಸಿತು. 2006ರಲ್ಲಿ ಎಕ್ಸ್‌ಎಂಆರ್‌ವಿ ಎಂಬ ಹೊಸ ವೈರಾಣು ಪ್ರಾಸ್ಟೇಟ್ ಗಡ್ಡೆಗಳಲ್ಲಿ ಪತ್ತೆಯಾಯಿತೆಂದು ಸುದ್ದಿಯಾಯಿತು. ಅದು 1990ರ ದಶಕದಲ್ಲಿ ಮನುಷ್ಯರ ಗಡ್ಡೆಯನ್ನು ಇಲಿಗಳ ದೇಹದಲ್ಲಿ ಬೆಳೆಸುತ್ತಿದ್ದಾಗ ಪ್ರಯೋಗಾಲಯದಲ್ಲೇ ಹುಟ್ಟಿದ ವೈರಾಣು ಎಂದು 2011ರಲ್ಲಿ ಬಯಲಾಯಿತು; ಮೂಲ ಪ್ರಬಂಧವನ್ನು 2012ರಲ್ಲಿ ಹಿಂತೆಗೆಯಲಾಯಿತು. ಇನ್ನೊಂದು ತೊಡಕು ಮನುಷ್ಯನ ಡಿಎನ್‌ಎಯಲ್ಲೇ ಇದೆ. ಅದರ ಸುಮಾರು ಶೇ. 8 ಭಾಗ ಲಕ್ಷಾಂತರ ವರ್ಷಗಳ ಹಿಂದೆ ನಮ್ಮ ಪೂರ್ವಜರಿಗೆ ತಗುಲಿದ ರೆಟ್ರೊವೈರಸ್‌ಗಳ ಪಳೆಯುಳಿಕೆ. ಅವುಗಳಲ್ಲಿ ಒಂದು ಗುಂಪು ಎಂಎಂಟಿವಿಯನ್ನೇ ಹೋಲುತ್ತದೆ. ಸಿಕ್ಕಿದ್ದು ಹೊರಗಿನಿಂದ ಬಂದ ಸೋಂಕೋ ಹುಟ್ಟಿನಿಂದಲೇ ಇರುವ ಪಳೆಯುಳಿಕೆಯೋ ಎಂದು ಬೇರ್ಪಡಿಸಲು ಬಹಳ ಎಚ್ಚರ ಬೇಕು.

ಈಗ ಗಡ್ಡೆಯ ಇಡೀ ಡಿಎನ್‌ಎ, ಆರ್‌ಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುವ ಸಾಧ್ಯತೆಯಿದೆ. 2013ರಲ್ಲಿ ಸ್ವೀಡನ್ನಿನ ತಂಡವೊಂದು 19 ಬಗೆಯ 4,433 ಗಡ್ಡೆಗಳ ಆರ್‌ಎನ್‌ಎ ದತ್ತಾಂಶದಲ್ಲಿ ವೈರಾಣುಗಳನ್ನು ಹುಡುಕಿತು. 2020ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಎರಡೂವರೆ ಸಾವಿರಕ್ಕೂ ಹೆಚ್ಚು ಗಡ್ಡೆಗಳ ಸಂಪೂರ್ಣ ಡಿಎನ್‌ಎಯಲ್ಲಿ ಹುಡುಕಿದರು. ಗರ್ಭಕಂಠ, ಯಕೃತ್ತಿನ ಗಡ್ಡೆಗಳಲ್ಲಿ ನಿರೀಕ್ಷಿತ ವೈರಾಣುಗಳು ಎದ್ದು ಕಂಡವು. ಸ್ತನದ ಗಡ್ಡೆಗಳಲ್ಲಿ ಅಂಥ ಚಿತ್ರ ಬರಲಿಲ್ಲ. ಇಷ್ಟೂ ಸಾಕ್ಷ್ಯಗಳಲ್ಲಿ ಹೆಚ್ಚು ತೂಕದ್ದು ಇದೇ ಎಂದು ಹೇಳಬೇಕಾಗುತ್ತದೆ.

ಇದರ ಜೊತೆ ಇಡಬೇಕಾದ ಇನ್ನೊಂದು ಸಾಕ್ಷ್ಯವಿದೆ, ಅದು ಸರಳ ಮತ್ತು ಬಲವಾದದ್ದು. ಎಚ್‌ಐವಿ ಸೋಂಕಿತರಲ್ಲೂ, ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ನುಂಗುವವರಲ್ಲೂ ವೈರಾಣುಗಳಿಂದ ಬರುವ ಕ್ಯಾನ್ಸರ್‌ಗಳು ಹಲವು ಪಟ್ಟು ಏರುತ್ತವೆ. ಇವರೆಲ್ಲರ ದಾಖಲೆಗಳನ್ನು 2007ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸ್ತನ ಕ್ಯಾನ್ಸರ್ ಏರಿರಲಿಲ್ಲ.

ವೈರಾಣು ವಾದದ ಪರ ನಿಂತವರು, ಅವರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಲಾಸನ್ ಪ್ರಮುಖರು, ಗಡ್ಡೆಯಲ್ಲಿ ವೈರಾಣು ಸಿಗದಿರುವುದಕ್ಕೂ ಉತ್ತರ ಕೊಡುತ್ತಾರೆ. ವೈರಾಣು ಮೊದಲ ಪೆಟ್ಟು ಕೊಟ್ಟು ಮಾಯವಾಗಿರಬಹುದು, ಗಡ್ಡೆ ಬೆಳೆಯುವ ಹೊತ್ತಿಗೆ ಅದರ ಡಿಎನ್‌ಎ ಉಳಿದಿರಲಿಕ್ಕಿಲ್ಲ ಎಂಬುದು ಒಂದು ಉತ್ತರ. ಇದಕ್ಕೆ ಸ್ವಲ್ಪ ಆಧಾರ ಕೊಡುವ ಸಂಗತಿಯೂ ಇದೆ: ವೈರಾಣುಗಳ ಡಿಎನ್‌ಎಯ ಅಕ್ಷರಗಳನ್ನು ಬದಲಿಸಿ ಹಾಳು ಮಾಡುವುದಕ್ಕೆಂದೇ ದೇಹದಲ್ಲಿರುವ ಅಪೊಬೆಕ್ ಎಂಬ ಕಿಣ್ವಗಳು ಅನೇಕ ಸ್ತನದ ಗಡ್ಡೆಗಳಲ್ಲಿ ಅತಿಯಾಗಿ ಕೆಲಸ ಮಾಡಿ, ಕೋಶದ ಸ್ವಂತ ಡಿಎನ್‌ಎಯನ್ನೇ ಕೆಡಿಸಿರುವುದು 2013ರಲ್ಲಿ ಗೊತ್ತಾಯಿತು. ಆ ಕಿಣ್ವವನ್ನು ಕೆರಳಿಸಿದ್ದು ವೈರಾಣುವೇ, ಬೇರೇನಾದರೂ ಇರಬಹುದೇ? ಪ್ರಶ್ನೆ ನ್ಯಾಯವಾದದ್ದು, ಉತ್ತರಕ್ಕೆ ಇನ್ನೂ ಕೆಲಸ ಬೇಕು. ಮಾಯವಾದ ಕಾರಣವನ್ನು ಸಾಬೀತು ಮಾಡುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ.

ವೈರಾಣುವನ್ನು ತರದೆಯೇ ವಿವರಿಸಬಹುದಾದದ್ದು ಎಷ್ಟಿದೆ ಎಂಬುದನ್ನೂ ನೋಡಬೇಕು. ಇಟಲಿಯ ಬೆರ್ನಾರ್ಡಿನೊ ರಮಾಜಿನಿ 18ನೇ ಶತಮಾನದ ಆರಂಭದಲ್ಲೇ ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂದು ಬರೆದಿದ್ದರು. 1842ರಲ್ಲಿ ವೆರೋನಾದ ಡೊಮೆನಿಕೊ ರಿಗೋನಿ-ಸ್ಟೆರ್ನ್ ಮರಣದ ದಾಖಲೆಗಳನ್ನು ಲೆಕ್ಕ ಹಾಕಿ, ಸನ್ಯಾಸಿನಿಯರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚು, ಗರ್ಭಕೋಶದ ಕ್ಯಾನ್ಸರ್ ಕಡಿಮೆ ಎಂದು ತೋರಿಸಿದರು. ಒಂದು ರೋಗ ದಾಂಪತ್ಯದ ಸಂಬಂಧದಿಂದ ಬರುವ ಸೋಂಕಿನ ಕಡೆಗೆ, ಇನ್ನೊಂದು ಬಸುರಿ, ಬಾಣಂತನವಿಲ್ಲದ ದೇಹದ ಹಾರ್ಮೋನುಗಳ ಕಡೆಗೆ ಬೊಟ್ಟು ಮಾಡಿತು. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಇದಕ್ಕೆ ಅಳತೆ ಕೊಟ್ಟಿತು. ಪ್ರತಿ ಹೆರಿಗೆಯಿಂದ ಅಪಾಯ ಶೇ. 7ರಷ್ಟು, ಎದೆಹಾಲು ಕೊಟ್ಟ ಪ್ರತಿ 12 ತಿಂಗಳಿಗೆ ಮತ್ತೆ ಶೇ. 4.3ರಷ್ಟು ಇಳಿಯುತ್ತದೆ. ಶ್ರೀಮಂತ ದೇಶದ ಮಹಿಳೆಯರು ಬಡ ದೇಶಗಳ ಮಹಿಳೆಯರಷ್ಟೇ ಮಕ್ಕಳನ್ನು ಹೆತ್ತು ಅಷ್ಟೇ ಕಾಲ ಎದೆಹಾಲು ಕೊಟ್ಟಿದ್ದರೆ ಅಲ್ಲಿನ ಸ್ತನ ಕ್ಯಾನ್ಸರ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು ಎಂಬುದು ಅದರ ಅಂದಾಜು. ಇದಲ್ಲದೆ ನೂರರಲ್ಲಿ 5ರಿಂದ 10 ರೋಗಿಗಳಲ್ಲಿ ಬಿಆರ್‌ಸಿಎಯಂಥ ವಂಶವಾಹಿಯ ದೋಷ ಕಾರಣ.

ಯಾದಗಿರಿಯ ಸುತ್ತಲಿನ ಒಣಭೂಮಿಯ ಕ್ಯಾನ್ಸರ್ ಚಿತ್ರ ಈ ವಿವರಣೆಗೆ ಹೊಂದುತ್ತದೆ. ಈ ಬಯಲುಸೀಮೆಯಲ್ಲಿ ದೀರ್ಘಕಾಲದಿಂದ ನಡೆದುಬಂದಿರುವ ಗ್ರಾಮೀಣ ಕ್ಯಾನ್ಸರ್ ನೋಂದಣಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯದು, 1987ರಲ್ಲಿ ಆರಂಭವಾಯಿತು. ಅಲ್ಲಿ ವರ್ಷಗಳ ಕಾಲ ಮಹಿಳೆಯರಲ್ಲಿ ಮೊದಲ ಸ್ಥಾನ ಗರ್ಭಕಂಠದ ಕ್ಯಾನ್ಸರ್‌ಗೆ, ಸ್ತನ ಕ್ಯಾನ್ಸರ್ ಅದಕ್ಕಿಂತ ಹಿಂದೆ. ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸುತ್ತಿರುವ ಬೆಂಗಳೂರು ನೋಂದಣಿಯಲ್ಲೂ ಮೊದಮೊದಲು ಗರ್ಭಕಂಠದ್ದೇ ಮೇಲುಗೈ. ಮದುವೆಯ ವಯಸ್ಸು ಏರಿ, ಮಕ್ಕಳು ಕಡಿಮೆಯಾಗಿ, ನಗರ ಬದುಕು ಬದಲಾದಂತೆ ಸ್ತನ ಕ್ಯಾನ್ಸರ್ ಮುಂದೆ ಹೋಯಿತು. ಯಾದಗಿರಿಯ ಹೆಣ್ಣುಮಕ್ಕಳೂ ಈಗ ಹೆಚ್ಚು ಓದುತ್ತಿದ್ದಾರೆ, ತಡವಾಗಿ ಮದುವೆಯಾಗುತ್ತಿದ್ದಾರೆ, ಕೂಲಿಗಾಗಿ ಬೆಂಗಳೂರು, ಪುಣೆ, ಹೈದರಾಬಾದ್ ಸೇರುತ್ತಿದ್ದಾರೆ. ಓದು, ತಡವಾದ ಮದುವೆ ಅವರ ಬದುಕಿಗೆ ಬೇಕಾದವುಗಳೇ. ಜೊತೆಗೆ ಸ್ತನ ಕ್ಯಾನ್ಸರ್ ಏರುವ ನಿರೀಕ್ಷೆಯನ್ನೂ ಆರೋಗ್ಯ ವ್ಯವಸ್ಥೆ ಇಟ್ಟುಕೊಳ್ಳಬೇಕು.

ವೈರಾಣುವಿನ ಮಾತು ಹಳ್ಳಿಗೆ ತಲುಪುವಾಗ ಒಂದು ಅಪಾಯವನ್ನೂ ಹೊತ್ತು ಬರುತ್ತದೆ. ಕ್ಯಾನ್ಸರ್ ಅಂಟುರೋಗವೆಂಬ ಭಯ ಇನ್ನೂ ಅಳಿದಿಲ್ಲ. ರೋಗಿಗೆ ತಟ್ಟೆ, ಲೋಟ ಬೇರೆ ಇಡುವ, ಮಗುವನ್ನು ಮಡಿಲಿಗೆ ಕೊಡದ ಮನೆಗಳಿವೆ. ಸ್ತನ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ: ಜೊತೆಗೆ ಉಂಡರೂ ಇಲ್ಲ, ಮುಟ್ಟಿದರೂ ಇಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಇಲ್ಲ. ನಾಳೆ ಯಾವುದೋ ವೈರಾಣುವಿನ ಪಾತ್ರ ಸಾಬೀತಾದರೂ ಈ ಮಾತು ಬದಲಾಗುವುದಿಲ್ಲ. ಎಪ್‌ಸ್ಟೀನ್-ಬಾರ್‌ನಂಥ ಸೋಂಕು ಕೋಟ್ಯಂತರ ಜನರಲ್ಲಿದ್ದರೂ ಅದರಿಂದ ಕ್ಯಾನ್ಸರ್ ಆಗುವುದು ಅತಿ ಕೆಲವರಿಗೆ. ತಾಯಂದಿರು ಎದೆಹಾಲು ನಿಲ್ಲಿಸಲು ಕೂಡ ಇದು ಕಾರಣವಾಗಬಾರದು. ಎದೆಹಾಲು ಕೊಡುವುದು ತಾಯಿಯನ್ನು ಈ ರೋಗದಿಂದ ಸ್ವಲ್ಪವಾದರೂ ಕಾಯುತ್ತದೆ.

ಕಾರಣದ ಪ್ರಶ್ನೆ ಬಗೆಹರಿಯುವವರೆಗೆ ಕಾಯದೆ ಮಾಡಬಹುದಾದ ಕೆಲಸದ ಬಗ್ಗೆ ಮುಂಬೈಯ ಕೊಳೆಗೇರಿಗಳಿಂದ ಗಟ್ಟಿ ಪುರಾವೆಯಿದೆ. ಟಾಟಾ ಸ್ಮಾರಕ ಕೇಂದ್ರ 1998ರಿಂದ 1,51,538 ಮಹಿಳೆಯರನ್ನು 20 ವರ್ಷ ಅನುಸರಿಸಿತು. ಒಂದು ಗುಂಪಿನವರ ಎದೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಯಂತ್ರವಿಲ್ಲ, ವಿಕಿರಣವಿಲ್ಲ. ಆ ಗುಂಪಿನಲ್ಲಿ ಗಂಟುಗಳು ಚಿಕ್ಕದಿದ್ದಾಗಲೇ ಸಿಕ್ಕವು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ 50 ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಇಳಿಯಿತು, ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. 30 ದಾಟಿದ ಮಹಿಳೆಯರಿಗೆ ಬಾಯಿ, ಗರ್ಭಕಂಠದ ಜೊತೆ ಎದೆಯ ತಪಾಸಣೆಯೂ ಸರ್ಕಾರದ ಕಾರ್ಯಕ್ರಮದಲ್ಲಿದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಎದೆಯ ತಪಾಸಣೆ ಮಾಡಿಸಿಕೊಂಡವರು ಶೇ. 1ಕ್ಕಿಂತ ಕಡಿಮೆ. ಎದೆಯಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು, ಚರ್ಮ ಒಳಗೆ ಎಳೆದಂತೆ ಗುಳಿ ಬೀಳುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಬರುವುದು ಇವುಗಳಲ್ಲಿ ಒಂದು ಕಂಡರೂ ನೋವಿಗಾಗಿ ಕಾಯಬಾರದು. ಆರಂಭದ ಗಂಟಿಗೆ ನೋವು ಇರುವುದೇ ಅಪರೂಪ. ಹತ್ತು ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಯಾವುದು ಹೌದು, ಯಾವುದು ಅಲ್ಲ ಎಂದು ಹೇಳಬೇಕಾದದ್ದು ಸೂಜಿ ಪರೀಕ್ಷೆ.

ಆ ಸೂಜಿ ತೆಗೆಯುವ ಅಂಗಾಂಶದ ಎಳೆಯೇ ವೈರಾಣುವಿನ ಪ್ರಶ್ನೆಗೂ ಬೇಕಾದ ಕಚ್ಚಾವಸ್ತು. ಈವರೆಗಿನ ಅಧ್ಯಯನಗಳ ಮಾದರಿಗಳು ಬಹುತೇಕ ದೊಡ್ಡ ನಗರಗಳ ಆಸ್ಪತ್ರೆಗಳಿಂದ ಬಂದವು. ಸೋಂಕಿನ ವಯಸ್ಸು, ಆಹಾರ, ಜಾನುವಾರುಗಳ ಒಡನಾಟ, ತಾಯ್ತನದ ವಯಸ್ಸು ಎಲ್ಲವೂ ಬೇರೆಯಾಗಿರುವ ಕೃಷ್ಣಾ-ಭೀಮಾ ನಡುವಿನ ಮಹಿಳೆಯರ ಮಾದರಿಗಳು ಈ ಚರ್ಚೆಗೆ ಹೊಸದನ್ನು ಸೇರಿಸಬಲ್ಲವು. ಅದಕ್ಕೆ ಗಡ್ಡೆಯನ್ನು ತೆಗೆದ ಕೂಡಲೇ ಫಾರ್ಮಲಿನ್‌ನಲ್ಲಿ ಸರಿಯಾಗಿ ಇಟ್ಟು ಮೇಣದ ಅಚ್ಚಿನಲ್ಲಿ ಜೋಪಾನ ಮಾಡಬೇಕು. ಅದೇ ಊರಿನ, ಅದೇ ವಯಸ್ಸಿನ, ಕ್ಯಾನ್ಸರ್ ಅಲ್ಲದ ಗಂಟು ಇರುವ ಮಹಿಳೆಯರ ಮಾದರಿಯೂ ಪಕ್ಕದಲ್ಲಿರಬೇಕು. ಯಾವ ಅಚ್ಚು ಯಾರದೆಂದು ತಿಳಿಯದಂತೆ ಎರಡು ಬೇರೆ ಪ್ರಯೋಗಾಲಯಗಳು ಪರೀಕ್ಷಿಸಬೇಕು. ವೈರಾಣು ಸಿಕ್ಕರೆ ಅದು ಬಿಳಿ ರಕ್ತಕಣದಲ್ಲಿದೆಯೋ ಕ್ಯಾನ್ಸರ್ ಕೋಶದಲ್ಲೇ ಇದೆಯೋ, ಗಡ್ಡೆಯ ಎಲ್ಲ ಕೋಶಗಳಲ್ಲೂ ಡಿಎನ್‌ಎಯ ಒಂದೇ ಜಾಗದಲ್ಲಿ ಕೂತಿದೆಯೋ ಎಂದು ನೋಡಬೇಕು. ಒಂದೇ ಜಾಗವಾದರೆ ಮಾತ್ರ ಗಡ್ಡೆ ಹುಟ್ಟುವ ಮೊದಲೇ ಅದು ಅಲ್ಲಿತ್ತು ಎನ್ನಬಹುದು.

ಎಚ್‌ಪಿವಿಯ ಮಟ್ಟಿಗೆ ಇನ್ನೊಂದು ಪರೀಕ್ಷೆ ತಾನಾಗಿಯೇ ನಡೆಯುತ್ತಿದೆ. 2006ರಲ್ಲಿ ಲಸಿಕೆ ಬಳಕೆಗೆ ಬಂದಾಗ 12–13 ವಯಸ್ಸಿನವರಾಗಿದ್ದ ಆಸ್ಟ್ರೇಲಿಯಾ, ಯೂರೋಪಿನ ಹುಡುಗಿಯರು ಈಗ 30 ದಾಟಿದ್ದಾರೆ. ಅವರಲ್ಲಿ ಗರ್ಭಕಂಠದ ಕ್ಯಾನ್ಸರ್ ತೀವ್ರವಾಗಿ ಇಳಿದಿರುವುದು ಆಗಲೇ ದಾಖಲಾಗಿದೆ. ಅವರು 40, 50 ತಲುಪಿದಾಗ ಅವರಲ್ಲಿ ಸ್ತನ ಕ್ಯಾನ್ಸರ್ ಇಳಿಯುತ್ತದೆಯೋ ಇಲ್ಲವೋ ಎಂಬುದು ಎಚ್‌ಪಿವಿಯ ಮೇಲಿನ ಸಂಶಯಕ್ಕೆ ನೇರ ಉತ್ತರ ಕೊಡಲಿದೆ.